ಬಾಕಿಯ ಬಣ್ಣ

ತಿಂಗಳ ಮೊದಲ ವಾರದಲ್ಲಿ ಅಂಚೆಯವನು ತಂದುಹಾಕುವ ಲಕೋಟೆಗಳಲ್ಲಿ ಯಾವುದನ್ನು ಆಗಲೇ ಒಡೆಯಬೇಕು, ಯಾವುದನ್ನು ಎರಡು ದಿನ ಮೇಜಿನ ಮೇಲೆ ಬಿಟ್ಟರೂ ನಡೆದೀತು ಎಂಬುದನ್ನು ನೀವು ಅಕ್ಷರ ಓದಿ ತೀರ್ಮಾನಿಸುತ್ತೀರೆಂದು ನನಗೆ ತೋರುವುದಿಲ್ಲ. ಬಣ್ಣ ನೋಡಿ ತೀರ್ಮಾನಿಸುತ್ತೀರಿ. ಮೂಲೆಗೆ ಅರಿಸಿನ ಹಚ್ಚಿದ್ದು ಮದುವೆಯ ಕರೆಯೋಲೆ. ಕೆಂಪು ಮಸಿಯ ಮುದ್ರೆ ಹೊತ್ತು ಬಂದದ್ದು ತಗಾದೆಯ ಕಾಗದ. ನಮ್ಮ ಭಾಷೆಯಲ್ಲಿ ‘ವರ್ಣ’ ಎಂದರೆ ಅಕ್ಷರವೂ ಹೌದು, ಬಣ್ಣವೂ ಹೌದು. ಸಾಲ ವಸೂಲು ಮಾಡುವವರು ಈ ಶ್ಲೇಷೆಯನ್ನು ಯಾವ ಪಂಡಿತನ ಸಹಾಯವೂ ಇಲ್ಲದೆ ಬಹಳ ಹಿಂದೆಯೇ ಅರಿತುಕೊಂಡಿದ್ದರು. ಅಕ್ಷರ ಹೇಳಲಾರದ್ದನ್ನು ಬಣ್ಣದಿಂದ ಹೇಳಿಸುವ ಅವರ ಪ್ರಯತ್ನಕ್ಕೆ ಒಂದು ಚರಿತ್ರೆ ಉಂಟು. ಅದರಲ್ಲಿ ಕೆಲವು ಪುಟಗಳು ನಗೆ ತರಿಸುತ್ತವೆ. ಕೆಲವು ಪುಟಗಳನ್ನು ಓದಿದರೆ ಊಟ ಸೇರುವುದಿಲ್ಲ.

ಮೊದಲು ಲೆಕ್ಕದ ಮಾತು. ಕ್ರಿ. ಶ. 628ರಲ್ಲಿ ಬ್ರಹ್ಮಗುಪ್ತನು ‘ಬ್ರಾಹ್ಮಸ್ಫುಟಸಿದ್ಧಾಂತ’ವನ್ನು ಬರೆದಾಗ ಸೊನ್ನೆಗಿಂತ ಹೆಚ್ಚಿನ ಸಂಖ್ಯೆಯನ್ನು ‘ಧನ’ವೆಂದೂ ಕಡಿಮೆಯದನ್ನು ‘ಋಣ’ವೆಂದೂ ಕರೆದನು. ಇಂದಿಗೂ ನಮ್ಮ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಅದೇ ಹೆಸರುಗಳನ್ನು. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಕನ್ನಡನಾಡಿನ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಬಡ್ಡಿಯ ಲೆಕ್ಕಗಳನ್ನು ವಿಸ್ತಾರವಾಗಿ ಕಲಿಸಿದನು. ನಮ್ಮ ಬೀಜಗಣಿತದವರಿಗೆ ಬಣ್ಣದ ಮೋಹವೂ ಇದ್ದಿತು. ಬೆಲೆ ತಿಳಿಯದ ರಾಶಿಗಳಿಗೆ ಅವರು ಕಾಲಕ, ನೀಲಕ, ಪೀತಕ, ಲೋಹಿತಕ ಎಂದು ಕಪ್ಪು, ನೀಲಿ, ಹಳದಿ, ಕೆಂಪುಗಳ ಹೆಸರಿಟ್ಟರು. ಆದರೆ ಋಣಕ್ಕೆಂದು ಯಾವ ಬಣ್ಣವನ್ನೂ ಹಚ್ಚಲಿಲ್ಲ. ಅಂಕಿಯ ನೆತ್ತಿಯ ಮೇಲೆ ಒಂದು ಚುಕ್ಕೆ ಇಟ್ಟು ಸುಮ್ಮನಾದರು. ಋಣ ಹೊತ್ತ ಅಂಕಿಗೆ ಅಷ್ಟು ಗುರುತು ಸಾಕೆಂಬ ಅವರ ಔದಾರ್ಯ ನನಗೆ ಬಹಳ ಹಿಡಿಸುತ್ತದೆ.

ಚೀನದೇಶದ ಗಣಿತಜ್ಞರು ಬಣ್ಣ ಹಚ್ಚಿದರು. ಲಿಯು ಹುಯಿ ಎಂಬಾತ 263ರಲ್ಲಿ ಬರೆದ ವ್ಯಾಖ್ಯಾನದಲ್ಲಿ ಎಣಿಕೆಯ ಕಡ್ಡಿಗಳ ವಿಚಾರ ಬರುತ್ತದೆ. ಅಲ್ಲಿ ಕೆಂಪು ಕಡ್ಡಿ ಧನ, ಕಪ್ಪು ಕಡ್ಡಿ ಋಣ! ನಾವು ಇಂದು ‘ಲೆಕ್ಕ ಕೆಂಪಾಯಿತು’ ಎಂದರೆ ನಷ್ಟವೆಂದು ತಿಳಿಯುತ್ತೇವೆ. ಆ ಲೆಕ್ಕಿಗನಿಗೆ ಹಾಗೆಂದರೆ ಸಂತೋಷದಿಂದ ತಲೆದೂಗುತ್ತಿದ್ದನು. ಚೀನದ ಷೇರುಪೇಟೆಯ ಫಲಕಗಳಲ್ಲಿ ಇಂದಿಗೂ ಬೆಲೆ ಏರಿದರೆ ಕೆಂಪು, ಇಳಿದರೆ ಹಸಿರು. ಆದುದರಿಂದ ಕೆಂಪು ಎಂಬುದು ಹುಟ್ಟಿನಿಂದಲೇ ಹೆದರಿಸುವ ಬಣ್ಣವೆಂದು ಯಾರಾದರೂ ಹೇಳಿದರೆ ನೀವು ಕೂಡಲೇ ಒಪ್ಪಬೇಕಾಗಿಲ್ಲ.

ಹಾಗಾದರೆ ನಮ್ಮ ಲೆಕ್ಕದ ಪುಸ್ತಕಕ್ಕೆ ಕೆಂಪು ಮಸಿ ಎಲ್ಲಿಂದ ಬಂತು? ಪ್ರಾಚೀನ ಐಗುಪ್ತದ ಕರಣಿಕನ ಹಲಗೆಯಲ್ಲಿ ಎರಡು ಕುಳಿಗಳಿರುತ್ತಿದ್ದವು: ಒಂದರಲ್ಲಿ ಕಾಡಿಗೆಯ ಕಪ್ಪು, ಇನ್ನೊಂದರಲ್ಲಿ ಕಾವಿಮಣ್ಣಿನ ಕೆಂಪು. ತಲೆಬರಹ, ಒಟ್ಟು ಮೊತ್ತ ಇವು ಕೆಂಪಿನಲ್ಲಿ. ದುಷ್ಟಸರ್ಪ ಅಪೋಫಿಸನ ಹೆಸರನ್ನೂ ಕೆಂಪಿನಲ್ಲೇ ಬರೆಯುತ್ತಿದ್ದರು. ಹೀಗೆ ‘ಇದನ್ನು ಗಮನಿಸು’ ಎಂಬ ಸೂಚನೆಗೂ ‘ಇದಕ್ಕೆ ಹೆದರು’ ಎಂಬ ಸೂಚನೆಗೂ ಒಂದೇ ಮಸಿ ಆಯಿತು. ಆ ಗೊಂದಲ ನಾಲ್ಕು ಸಾವಿರ ವರ್ಷಗಳಾದರೂ ಬಿಟ್ಟಿಲ್ಲ. ಇಂಗ್ಲಿಷಿನಲ್ಲಿ ನಷ್ಟದಲ್ಲಿರುವವನನ್ನು ‘ಕೆಂಪಿನಲ್ಲಿದ್ದಾನೆ’ ಎನ್ನುವ ನುಡಿಗಟ್ಟು ಬಳಕೆಗೆ ಬಂದದ್ದು ಮಾತ್ರ ತೀರ ಈಚೆಗೆ, 20ನೆಯ ಶತಮಾನದ ಮೊದಲ ದಶಕಗಳ ಅಮೆರಿಕದಲ್ಲಿ. ಮೂವತ್ತು ವರ್ಷ ಕೆಂಪು ಮಸಿಯಲ್ಲಿ ಉತ್ತರಪತ್ರಿಕೆ ತಿದ್ದಿದವನಾಗಿ ಒಂದು ಮಾತು ಹೇಳಬಲ್ಲೆ: ಹುಡುಗರು ಮೊದಲು ನೋಡುವುದು ಅಂಕವನ್ನಲ್ಲ, ಹಾಳೆ ಎಷ್ಟು ಕೆಂಪಾಗಿದೆ ಎಂಬುದನ್ನು.

ನಮ್ಮ ನಾಡಿನ ವರ್ತಕರ ಲೆಕ್ಕ ಒಂದು ಕಾಲದಲ್ಲಿ ಕೆಂಪೂ ಅಲ್ಲ, ಬಿಳಿಯೂ ಅಲ್ಲ, ಅಚ್ಚ ಕಪ್ಪು. ‘ಕಡತ’ ಎಂಬ ಮಾತನ್ನು ಇಂದು ನೀವು ಕಚೇರಿಯಲ್ಲಿ ಕೇಳುತ್ತೀರಿ. ಅದು ಧೂಳು ತುಂಬಿದ ಕಾಗದದ ಕಟ್ಟು. ಮೊದಲು ಕಡತವೆಂದರೆ ಬಟ್ಟೆಯ ಪುಸ್ತಕ. ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಿಸುತ್ತಿದ್ದರು. ಬಳಪದ ಕಲ್ಲಿನ ಕಡ್ಡಿಯಿಂದ ಅದರ ಮೇಲೆ ಬಿಳಿ ಅಕ್ಷರ ಬರೆಯುತ್ತಿದ್ದರು. ಶಾನುಭೋಗರ ಲೆಕ್ಕ, ಅಂಗಡಿಯ ಲೆಕ್ಕ, ಮಠಗಳ ಲೆಕ್ಕ ಇದರಲ್ಲಿಯೇ. ಶೃಂಗೇರಿ ಮಠದ ಕಡತಗಳು ಚರಿತ್ರಕಾರರಿಗೆ ಸುಪ್ರಸಿದ್ಧ. ಇದರ ವಿಶೇಷವೇನೆಂದರೆ ಒರಸಿದರೆ ಅಕ್ಷರ ಹೋಗುತ್ತದೆ. ಬಾಕಿ ಚುಕ್ತಾ ಆದ ಮೇಲೆ ಗಿರಾಕಿಯ ಹೆಸರಿನ ಮೇಲೆ ಕೈಯಾಡಿಸಿದರಾಯಿತು, ಮತ್ತೆ ಶುದ್ಧ ಕಪ್ಪು. ಒಮ್ಮೆ ಸಾಲಗಾರನಾದವನು ಎಂದೆಂದಿಗೂ ಸಾಲಗಾರನೆಂದು ಸಾರುವ ಶಾಶ್ವತ ಮಸಿ ಅದರಲ್ಲಿರಲಿಲ್ಲ.

ಇನ್ನು ಯೂರೋಪಿನ ಕಡೆಗೆ ಹೋಗೋಣ. ಅಲ್ಲಿ ಬಣ್ಣವು ಪುಸ್ತಕದಿಂದ ಇಳಿದು ಮನುಷ್ಯನ ತಲೆಯ ಮೇಲೆ ಕುಳಿತಿತು.

ಇಟಲಿಯ ಪಾಡುವಾ ನಗರದ ನ್ಯಾಯಶಾಲೆಯಲ್ಲಿ, ‘ಪಲಾಟ್ಸೋ ದೆಲ್ಲಾ ರಾಜೋನೆ’ ಎಂಬ ಆ ಭವ್ಯ ಭವನದಲ್ಲಿ, ಇಂದಿಗೂ ಒಂದು ಕಪ್ಪು ಕಲ್ಲು ಇದೆ. ಅದರ ಹೆಸರು ಅಪಮಾನದ ಕಲ್ಲು. 1231ರಲ್ಲಿ ಆ ಊರಿನ ಸಂತ ಅಂತೋಣಿಯವರ ಪ್ರಾರ್ಥನೆಯ ಮೇರೆಗೆ, ತೀರಿಸಲು ಶಕ್ತಿಯಿಲ್ಲದ ಸಾಲಗಾರನನ್ನು ಸೆರೆಯಲ್ಲಿಡಬಾರದೆಂಬ ಶಾಸನವಾಯಿತು. ಒಳ್ಳೆಯ ಕೆಲಸವೇ. ಆದರೆ ಸೆರೆಮನೆಯ ಬದಲಿಗೆ ಬಂದದ್ದೇನು? ಸಾಲಗಾರನು ಮೇಲಿನ ಬಟ್ಟೆ ಕಳಚಿ, ನೆರೆದ ಜನರ ಮುಂದೆ ಆ ಕಲ್ಲಿನ ಮೇಲೆ ಮೂರು ಸಲ ಕುಳಿತು ಎದ್ದು, ‘ನನ್ನ ಸೊತ್ತನ್ನು ಬಿಟ್ಟುಕೊಟ್ಟೆ’ ಎಂದು ಲ್ಯಾಟಿನ್ ಭಾಷೆಯಲ್ಲಿ ಹೇಳಿ ಊರು ಬಿಡಬೇಕು. ಕರುಣೆಯ ಶಾಸನವೇ ಹೀಗಿದ್ದರೆ ಕ್ರೌರ್ಯದ ಶಾಸನ ಹೇಗಿದ್ದೀತೆಂದು ನೀವೇ ಊಹಿಸಿ.

ಫ್ರಾನ್ಸಿನವರು ಟೋಪಿ ಹೊಲಿಸಿದರು. 16 ಮತ್ತು 17ನೆಯ ಶತಮಾನಗಳಲ್ಲಿ ದಿವಾಳಿಯೆದ್ದು ಸೊತ್ತನ್ನೆಲ್ಲ ಸಾಲ ಕೊಟ್ಟವರಿಗೆ ಒಪ್ಪಿಸಿದವನು ಹಸಿರು ಟೋಪಿ ಧರಿಸಬೇಕಾಗಿತ್ತು. ಹಸಿರು ಹುಚ್ಚುತನದ ಬಣ್ಣ, ತನ್ನ ಅವಿವೇಕದಿಂದ ಬಡವನಾದನೆಂದು ಅದು ಸೂಚಿಸುತ್ತದೆ ಎಂದು ಅಂದಿನ ಕೆಲವರು ಅರ್ಥ ಹೇಳುತ್ತಿದ್ದರು. ಟೋಪಿಯಿಲ್ಲದೆ ಬೀದಿಯಲ್ಲಿ ಸಿಕ್ಕಿಬಿದ್ದರೆ ಮತ್ತೆ ಸೆರೆ. ನಮ್ಮಲ್ಲಿ ಮೋಸ ಮಾಡಿದವನು ‘ಟೋಪಿ ಹಾಕಿದ’ ಎನ್ನುತ್ತೇವೆ. ಅಲ್ಲಿ ಹಣ ಕಳೆದುಕೊಂಡವನಿಗೇ ಸರ್ಕಾರ ಟೋಪಿ ಹಾಕಿತು.

ಸ್ಕಾಟ್‌ಲೆಂಡಿನವರು ಈ ವಿದ್ಯೆಯನ್ನು ಪರಾಕಾಷ್ಠೆಗೆ ಒಯ್ದರು. 1606ರಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯ ಒಂದು ಆಜ್ಞೆ ಹೊರಡಿಸಿತು. ಎಡಿನ್‌ಬರೊ ನಗರದ ಪೇಟೆಯ ಶಿಲುಬೆಯ ಬಳಿ ಕಲ್ಲಿನ ಒಂದು ಕಟ್ಟೆ ಕಟ್ಟಿಸತಕ್ಕದ್ದು. ದಿವಾಳಿಗಾರನು ಸಂತೆಯ ದಿನ ಬೆಳಗ್ಗೆ 10 ಗಂಟೆಯಿಂದ ಮಧ್ಯಾಹ್ನದ ಊಟದ ನಂತರ ಒಂದು ಗಂಟೆಯವರೆಗೆ ಅದರ ಮೇಲೆ ಹಳದಿ ಟೋಪಿ ಧರಿಸಿ ಕೂರತಕ್ಕದ್ದು. ಬಿಡುಗಡೆಯಾದ ಮೇಲೆಯೂ ಆ ಟೋಪಿಯನ್ನು ತೆಗೆಯತಕ್ಕದ್ದಲ್ಲ. ಅಷ್ಟಕ್ಕೂ ತೃಪ್ತಿಯಾಗಲಿಲ್ಲ. 1669ರಲ್ಲಿ ಒಂದು ಅಂಗಿಯೂ ಬಂತು, ಅರ್ಧ ಹಳದಿ, ಅರ್ಧ ಕಂದು. ದೂರದಿಂದಲೇ ಅಂಗಡಿಯವನಿಗೆ ಕಾಣಬೇಕು, ಮಕ್ಕಳಿಗೆ ಕಾಣಬೇಕು, ಹೆಣ್ಣು ಕೊಟ್ಟ ಮಾವನಿಗೆ ಕಾಣಬೇಕು. ಹಡಗು ಮುಳುಗಿ ನಷ್ಟವಾದವನೂ ಜೂಜಾಡಿ ಕಳೆದವನೂ ಒಂದೇ ಬಣ್ಣದಲ್ಲಿ ತಿರುಗಬೇಕೆ ಎಂಬ ಪ್ರಶ್ನೆ ತಡವಾಗಿಯಾದರೂ ಎದ್ದಿತು. ಕೇವಲ ದುರದೃಷ್ಟದಿಂದ ಕೆಟ್ಟವನೆಂದು ರುಜುವಾತಾದರೆ ಈ ವೇಷದಿಂದ ವಿನಾಯಿತಿ ದೊರೆಯುವಂತಾಯಿತು. ಶಾಸನಪುಸ್ತಕದಿಂದ ಆ ಅಂಗಿಯನ್ನು ಪೂರ್ತಿಯಾಗಿ ತೆಗೆದುಹಾಕಿದ್ದು 1836ರಲ್ಲಿ.

ಜರ್ಮನ್ ಮಹಾಕವಿ ಗಯಟೆ 1810ರಲ್ಲಿ ಬಣ್ಣಗಳನ್ನು ಕುರಿತು ಒಂದು ದೊಡ್ಡ ಗ್ರಂಥ ಪ್ರಕಟಿಸಿದನು. ಬಣ್ಣವು ಮನಸ್ಸಿನ ಮೇಲೆ ಮಾಡುವ ಪರಿಣಾಮವನ್ನು ಶಾಸ್ತ್ರವಾಗಿ ವಿಚಾರಿಸಿದ ಮೊದಲಿಗರಲ್ಲಿ ಅವನು ಒಬ್ಬ. ಹಳದಿಯನ್ನು ಕುರಿತು ಅವನು ಮಾಡಿದ ಸೂಕ್ಷ್ಮ ಗಮನಿಕೆ ನೋಡಿ: ರೇಷ್ಮೆಯಂತಹ ಹೊಳೆಯುವ ವಸ್ತುವಿನ ಮೇಲೆ ಹಳದಿ ಗೌರವದ ಬಣ್ಣ, ಒರಟು ಬಟ್ಟೆಯ ಮೇಲೆ ಅದೇ ಹಳದಿ ಮಂಕಾಗಿ ಹೇಸಿಕೆಯ ಬಣ್ಣ. ದಿವಾಳಿಗಾರರ ಹಳದಿ ಟೋಪಿಯೂ ಯೆಹೂದ್ಯರ ನಿಲುವಂಗಿಯ ಮೇಲೆ ಹೊಲಿಸುತ್ತಿದ್ದ ಹಳದಿ ವೃತ್ತವೂ ಇದರಿಂದಲೇ ಹುಟ್ಟಿರಬಹುದೆಂದು ಅವನ ಊಹೆ. ಊಹೆ ಸರಿಯೋ ತಪ್ಪೋ, ಸಾಲಗಾರನನ್ನೂ ಅನ್ಯಮತದವನನ್ನೂ ಒಂದೇ ಬಣ್ಣದಿಂದ ಬೇರ್ಪಡಿಸಿದ ಸಮಾಜವನ್ನು ಅದು ನಮಗೆ ತೋರಿಸುತ್ತದೆ. ಅರಿಸಿನವಿಲ್ಲದೆ ಶುಭಕಾರ್ಯವಿಲ್ಲದ ನಮಗೆ ಹಳದಿಯ ಈ ಗತಿಯನ್ನು ಓದಿದಾಗ ಆಶ್ಚರ್ಯವಾಗದೆ ಇರದು.

‘ಪರದೇಶದ ಕ್ರೌರ್ಯ ಸಾಕು, ನಮ್ಮವರು ಸಾಲಗಾರನನ್ನು ನಾಚಿಸಲಿಲ್ಲವೆ?’ ಎಂದು ನೀವು ಕೇಳಬಹುದು. ನಾಚಿಸಿದರು. ದಕ್ಷಿಣದ ಪಾಂಡ್ಯ ನಾಡನ್ನು ಕಂಡ ಮಾರ್ಕೊ ಪೋಲೋ, ಸಾಲ ಕೊಟ್ಟವನು ಸಾಲಗಾರನ ಸುತ್ತ ನೆಲದ ಮೇಲೆ ವೃತ್ತ ಎಳೆದರೆ ಹಣ ತೆತ್ತಲ್ಲದೆ ಅವನು ಅದನ್ನು ದಾಟಕೂಡದೆಂಬ ಪದ್ಧತಿಯನ್ನು ಬರೆದಿದ್ದಾನೆ. ರಾಜನೇ ಒಮ್ಮೆ ಹಾಗೆ ಸಿಕ್ಕಿಕೊಂಡನಂತೆ! ಬಾಗಿಲಲ್ಲಿ ಉಪವಾಸ ಕುಳಿತು ಪಾಪಭಯ ಹುಟ್ಟಿಸಿ ವಸೂಲು ಮಾಡುವ ‘ಧರಣಿ’ಯಂತೂ ಎಷ್ಟು ಪ್ರಬಲವಾಗಿತ್ತೆಂದರೆ, 1860ರ ಭಾರತೀಯ ದಂಡಸಂಹಿತೆಯಲ್ಲಿ ಅದನ್ನು ಅಪರಾಧದ ಉದಾಹರಣೆಯಾಗಿ ಹೆಸರಿಸಿಯೇ ಹೇಳಬೇಕಾಯಿತು. ವೃತ್ತಕ್ಕೂ ಧರಣಿಗೂ ಒಂದು ಕೊನೆಯುಂಟು. ಹಣ ಕೊಟ್ಟರೆ ವೃತ್ತ ಅಳಿಯಿತು. ಹಳದಿ ಟೋಪಿಗೆ ಅಂತಹ ಕೊನೆ ಇರಲಿಲ್ಲ. ಇದೇ ನನ್ನ ಮುಖ್ಯ ಆಕ್ಷೇಪ. ಎಲ್ಲವನ್ನೂ ಒಪ್ಪಿಸಿದವನ ತಲೆಯ ಮೇಲೆ ಆ ಟೋಪಿ ಇಟ್ಟರೆ ಅವನಿಗೆ ಕೆಲಸ ಕೊಡುವವರು ಯಾರು, ಒಂದು ಮೂಟೆ ಸರಕನ್ನು ನಂಬಿ ಕಳಿಸುವವರು ಯಾರು? ಕೆಲಸವಿಲ್ಲದವನು ಉಳಿದ ಬಾಕಿಯನ್ನು ಎಲ್ಲಿಂದ ತಂದು ಕೊಟ್ಟಾನು?

19ನೆಯ ಶತಮಾನದಲ್ಲಿ ಟೋಪಿ ಹೋಯಿತು. ಇಂಗ್ಲೆಂಡಿನಲ್ಲಿ 1869ರ ಕಾಯಿದೆಯಿಂದ ಸಾಮಾನ್ಯ ಸಾಲಕ್ಕೆ ಸೆರೆಮನೆಯೂ ಬಹುಮಟ್ಟಿಗೆ ಹೋಯಿತು. ಆದರೆ ಬಣ್ಣ ಹೋಗಲಿಲ್ಲ. ತಲೆಯಿಂದ ಇಳಿದು ಲಕೋಟೆಗೆ ಬಂತು. ಅಂಚೆ ಅಗ್ಗವಾಗಿತ್ತು. ನೆರೆಯವರ ಕಣ್ಣು ಎಂದಿನಂತೆ ಚುರುಕಾಗಿತ್ತು. ಅಮೆರಿಕದಲ್ಲಿ ಕೆಲವು ವಸೂಲಿ ಸಂಸ್ಥೆಗಳು ‘ಕೆಟ್ಟ ಸಾಲ ವಸೂಲು ಮಾಡುವವರು’ ಎಂದು ದಪ್ಪಕ್ಷರದಲ್ಲಿ ಹೊರಗೇ ಅಚ್ಚು ಹಾಕಿದ ಲಕೋಟೆಗಳನ್ನು ಕಳಿಸತೊಡಗಿದವು. ಒಳಗಿನ ಕಾಗದ ಸಾಲಗಾರನಿಗೆ, ಹೊರಗಿನ ಅಕ್ಷರ ಅಂಚೆಯವನಿಗೆ ಮತ್ತು ಪಕ್ಕದ ಮನೆಯವರಿಗೆ. ವಿಸ್ಕಾನ್ಸಿನ್ ರಾಜ್ಯದ ನ್ಯಾಯಾಲಯ 1890ರಲ್ಲಿ ಇದನ್ನು ಮಾನಹಾನಿಯೆಂದು ಎಣಿಸಿತು. ಮುಂದೆ 1977ರ ಅಮೆರಿಕದ ಕಾಯಿದೆ ಒಂದು ಹೆಜ್ಜೆ ಮುಂದೆ ಹೋಗಿ, ತೆರೆದ ಅಂಚೆಕಾರ್ಡಿನಲ್ಲಿ ಸಾಲದ ತಗಾದೆ ಮಾಡಕೂಡದು, ಸಾಲ ವಸೂಲಿಯದೆಂದು ತಿಳಿಸುವ ಮಾತಾಗಲಿ ಚಿಹ್ನೆಯಾಗಲಿ ಲಕೋಟೆಯ ಮೇಲೆ ಇರಕೂಡದು ಎಂದು ಕಟ್ಟಪ್ಪಣೆ ಮಾಡಿತು. ಬ್ರಿಟನ್ನಿನ 1970ರ ಕಾಯಿದೆಯಲ್ಲಿ ಸಾಲಗಾರನಿಗೆ ಭೀತಿ, ಸಂಕಟ, ಅವಮಾನ ಉಂಟಾಗುವಂತೆ ಪೀಡಿಸುವುದು ಅಪರಾಧವೆನಿಸಿತು. ಆದರೂ ಅದೇ ಬ್ರಿಟನ್ನಿನಲ್ಲಿ ವಿದ್ಯುತ್ತು, ಅನಿಲ, ದೂರವಾಣಿಗಳ ಕೊನೆಯ ತಗಾದೆ ಕೆಂಪು ಅಚ್ಚಿನಲ್ಲಿ ಬಂದು, ‘ಕೆಂಪು ಬಿಲ್ಲು’ ಎಂಬುದು ಮನೆಮಾತಾಯಿತು.

ಸ್ಪೇನ್ ದೇಶದವರು 1980ರ ದಶಕದ ಕೊನೆಯಲ್ಲಿ ಇದಕ್ಕೆ ನಾಟಕದ ಮೆರುಗು ಕೊಟ್ಟರು. ಕರಿಯ ಬಾಲದಂಗಿ, ಎತ್ತರದ ಕರಿಯ ಹ್ಯಾಟು ಧರಿಸಿದ ವಸೂಲಿಗಾರನು ಕೈಯಲ್ಲಿ ಹೆಸರು ಬರೆದ ಪೆಟ್ಟಿಗೆ ಹಿಡಿದು ಬಾಕಿದಾರನ ಹಿಂದೆ ಮೌನವಾಗಿ ನಡೆಯುವನು. ಅವನು ಹೋಟೆಲಿಗೆ ಹೋದರೆ ಇವನೂ ಹೋಟೆಲಿಗೆ. ಎಡಿನ್‌ಬರೊದ ವೇಷವನ್ನು ಸಾಲಗಾರನ ಮೈಯಿಂದ ಬಿಚ್ಚಿ ವಸೂಲಿಗಾರನಿಗೆ ತೊಡಿಸಿದಂತಾಯಿತು, ಅಷ್ಟೆ. ನಗಬೇಡಿ. ನಮ್ಮ ದೇಶದಲ್ಲಿಯೇ ಕೆಲವು ನಗರಸಭೆಗಳು ತೆರಿಗೆ ಬಾಕಿದಾರರ ಬಾಗಿಲಿಗೆ ತಮಟೆಯವರನ್ನು ಕಳಿಸಿದ್ದುಂಟು. ಕೆಲವು ಸಾಲಸಂಸ್ಥೆಗಳವರು ಮನೆಯ ಗೋಡೆಯ ಮೇಲೆ ‘ಈ ಮನೆ ಅಡವಿನಲ್ಲಿದೆ’ ಎಂದು ಬಣ್ಣದಲ್ಲಿ ಬರೆದು ಹೋದದ್ದೂ ಉಂಟು. ಹಳದಿ ಟೋಪಿಯನ್ನು ಮನುಷ್ಯನಿಗೆ ಬದಲಾಗಿ ಮನೆಗೆ ಹಾಕಿದರೆ ಆ ಮನೆಯಿಂದ ಶಾಲೆಗೆ ಹೊರಡುವ ಮಗುವಿನ ಗತಿಯೇನು? ಬ್ಯಾಂಕುಗಳ ವಸೂಲಿಗಾರರ ನಡವಳಿಕೆಗೆ 2008ರಲ್ಲಿ ರಿಸರ್ವ್ ಬ್ಯಾಂಕು ನಿಯಮಗಳನ್ನು ಹಾಕಿತು. ಕಿರುಸಾಲದ ಸಂಸ್ಥೆಗಳ ಕಿರುಕುಳ ಹೆಚ್ಚಿತೆಂಬ ಕೂಗೆದ್ದಾಗ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ಮನಶ್ಶಾಸ್ತ್ರಜ್ಞರು ಏನನ್ನುತ್ತಾರೆ? 2007ರಲ್ಲಿ ಎಲಿಯಟ್ ಮತ್ತು ಅವರ ಸಂಗಡಿಗರು, ಪರೀಕ್ಷೆಗೆ ಮುನ್ನ ಕೆಂಪನ್ನು ಕಂಡವರು ಬುದ್ಧಿಯ ಕೆಲಸದಲ್ಲಿ ಸ್ವಲ್ಪ ಹಿಂದೆ ಬೀಳುತ್ತಾರೆಂದು ಪ್ರಕಟಿಸಿದರು. 2009ರಲ್ಲಿ ಕೆನಡಾದ ಇಬ್ಬರು, ಕೆಂಪು ಎಚ್ಚರವನ್ನೂ ನೀಲಿ ಕಲ್ಪನೆಯನ್ನೂ ಹೆಚ್ಚಿಸುತ್ತದೆಂದರು. ಇಂತಹ ಪ್ರಯೋಗಗಳನ್ನು ಬೇರೆಯವರು ಮತ್ತೆ ಮಾಡಿ ನೋಡಿದಾಗ ಅದೇ ಫಲ ಎಲ್ಲ ಸಲವೂ ದೊರೆಯಲಿಲ್ಲ. ‘ನೀಲಿ ಕಾಗದದಲ್ಲಿ ತಗಾದೆ ಕಳಿಸಿ, ಹಣ ಓಡಿಬರುತ್ತದೆ’ ಎಂದು ಹೇಳುವ ವ್ಯಾಪಾರಪಂಡಿತರನ್ನು ನಂಬಿ ರೀಮುಗಟ್ಟಲೆ ನೀಲಿ ಕಾಗದ ಕೊಳ್ಳುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು. ಬ್ರಿಟನ್ನಿನ ತೆರಿಗೆ ಇಲಾಖೆ 2011ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಬಾಕಿದಾರರಿಗೆ ಬೇರೆ ಬೇರೆ ಒಕ್ಕಣೆಯ ಪತ್ರಗಳನ್ನು ಕಳಿಸಿ ಪರೀಕ್ಷಿಸಿತು. ಅಲ್ಲಿ ಕೆಲಸ ಮಾಡಿದ್ದು ಬಣ್ಣವಲ್ಲ, ಒಂದು ವಾಕ್ಯ: ಬಹುಮಂದಿ ಕಾಲಕ್ಕೆ ಸರಿಯಾಗಿ ಕೊಡುತ್ತಾರೆ, ಕೊಡದ ಕೆಲವರಲ್ಲಿ ನೀವೊಬ್ಬರು ಎಂಬ ಅರ್ಥದ್ದು. ಇದನ್ನು ಹೇಳಿದ್ದು ಸಂತೆಯ ಕಟ್ಟೆಯ ಮೇಲಲ್ಲ, ಮುಚ್ಚಿದ ಲಕೋಟೆಯಲ್ಲಿ.

ಕೆಂಪು ಬಣ್ಣದಿಂದ ಬಾಕಿ ವಸೂಲು ಮಾಡುವ ಕಲೆಯನ್ನು ನಿಜವಾಗಿ ಬಲ್ಲವರು ಬಂಗಾಳದ ಅಂಗಡಿಯವರು. ಏಪ್ರಿಲ್ ತಿಂಗಳ ನಡುವೆ ಬರುವ ಅವರ ಹೊಸ ವರ್ಷದ ಮೊದಲ ದಿನ ‘ಹಾಲ್‌ಖಾತಾ’. ಅಂದು ಹಳೆಯ ಲೆಕ್ಕ ಮುಗಿಸಿ ಹೊಸ ಪುಸ್ತಕ ತೆರೆಯುತ್ತಾರೆ. ಆ ಪುಸ್ತಕಕ್ಕೆ ‘ಖೇರೋ’ ಎಂಬ ಒರಟು ಕೆಂಪು ಬಟ್ಟೆಯ ಹೊದಿಕೆ. ಬೆಳಗ್ಗೆ ಅದನ್ನು ಗುಡಿಗೆ ಒಯ್ದು, ಮೊದಲ ಪುಟದಲ್ಲಿ ಸಿಂಧೂರದಿಂದ ಸ್ವಸ್ತಿಕ ಬರೆಸಿ, ಗಣೇಶ ಲಕ್ಷ್ಮಿಯರ ಮುಂದೆ ಇಟ್ಟು ಪೂಜಿಸುತ್ತಾರೆ. ಕಲ್ಕತ್ತೆಯ ಕಾಳಿಘಾಟದಲ್ಲಿ ಅಂದು ಕಾಲಿಡಲು ಜಾಗವಿರುವುದಿಲ್ಲ. ಕೆಲವು ದಿನ ಮೊದಲೇ ಗಿರಾಕಿಗಳಿಗೆಲ್ಲ ಅಚ್ಚು ಹಾಕಿದ ಆಮಂತ್ರಣ ಹೋಗಿರುತ್ತದೆ. ಅದರಲ್ಲಿ ಬಾಕಿಯ ಮಾತಿಲ್ಲ. ‘ದಯಮಾಡಿಸಬೇಕು’ ಎಂಬ ಮಾತುಂಟು. ಸಂಜೆ ಗಿರಾಕಿ ಮಡಿ ಉಟ್ಟು, ಮಕ್ಕಳ ಕೈಹಿಡಿದು ಬರುತ್ತಾನೆ. ಅಂಗಡಿಯವನು ಎದ್ದು ನಿಂತು ಬರಮಾಡಿಕೊಳ್ಳುತ್ತಾನೆ. ಮಿಠಾಯಿಯ ಪೊಟ್ಟಣ, ಗೋಡೆಗೆ ತೂಗುಹಾಕಲು ಒಂದು ಕ್ಯಾಲೆಂಡರು. ಬಂದವನು ಎಷ್ಟಾದರೂ ಕೊಡದೆ ಹೋಗುವುದುಂಟೆ? ಪೂರ್ತಿ ಬಾಕಿ ಆಗದಿದ್ದರೆ ಕೈಲಾದಷ್ಟು ಕೊಡುತ್ತಾನೆ. ಅವನ ಹೆಸರು ಕೆಂಪು ಪುಸ್ತಕದ ಹೊಸ ಪುಟದಲ್ಲಿ ಏರುತ್ತದೆ. ಅದು ಕಳಂಕವಲ್ಲ, ಮುಂದಿನ ವರ್ಷವೂ ಈ ಅಂಗಡಿಯಲ್ಲಿ ಉದ್ರಿ ಹುಟ್ಟುತ್ತದೆಂಬುದಕ್ಕೆ ಸಾಕ್ಷಿ. ಜಮೀನ್ದಾರರು ರೈತರಿಂದ ಕಂದಾಯದ ಮೊದಲ ಕಂತು ಪಡೆಯುತ್ತಿದ್ದ ‘ಪುಣ್ಯಾಹ’ದ ದಿನವೂ ಹೀಗೆಯೇ ಸಿಹಿಯೊಡನೆ ನಡೆಯುತ್ತಿತ್ತು, ಆ ಕಂದಾಯದ ಕಹಿ ಬೇರೆ ಮಾತು.

ಗುಜರಾತಿ ವರ್ತಕರು ದೀಪಾವಳಿಯಂದು ಮಾಡುವ ‘ಚೋಪಡಾ ಪೂಜೆ’ಯಲ್ಲಿಯೂ ಪುಸ್ತಕದ ಮೇಲೆ ಕುಂಕುಮದಲ್ಲಿ ‘ಶುಭ’, ‘ಲಾಭ’ ಎಂದು ಬರೆಯುವ ರೂಢಿಯುಂಟು. ಹುಬ್ಬಳ್ಳಿಯ ಕಡೆ ದೀಪಾವಳಿಯ ಲಕ್ಷ್ಮೀಪೂಜೆಗೆ ನೀವು ಅಂಗಡಿಗೆ ಹೋದವರಾದರೆ ಕೀರ್ದಿ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚಿ ಹೂ ಏರಿಸಿದ್ದನ್ನು ನೋಡಿಯೇ ಇರುತ್ತೀರಿ, ಫಳಾರ ತಿಂದೂ ಇರುತ್ತೀರಿ. ಸ್ಕಾಟ್‌ಲೆಂಡಿನಲ್ಲಿ ಮನುಷ್ಯನನ್ನು ಹೀನಗೊಳಿಸಿದ ಹಳದಿಯೇ ಇಲ್ಲಿ ಪುಸ್ತಕದ ಅಂಚಿನಲ್ಲಿ ಮಂಗಳದ್ರವ್ಯ. ಸಾಲದ ಮೇಲೆ ಸರ್ವಜ್ಞ ಹೇಳಿದ್ದು ನಿಮ್ಮ ಮನೆಯ ಮಕ್ಕಳಿಗೂ ಬಾಯಿಪಾಠ, ಅಂಗಡಿಯವನಿಗೂ ಬರುತ್ತದೆ. ಆದರೆ ಪೂಜೆಯ ದಿನ ಅವನು ಅದನ್ನು ಹೇಳುವುದಿಲ್ಲ.

ಈ ಕೆಂಪು ಪುಸ್ತಕಕ್ಕೆ 2019ರ ಜುಲೈ 5ರಂದು ದೊಡ್ಡ ಮರ್ಯಾದೆ ಸಂದಿತು. ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದ ನಿರ್ಮಲಾ ಸೀತಾರಾಮನ್ ಅವರು ಆಯವ್ಯಯದ ಪತ್ರಗಳನ್ನು ಚರ್ಮದ ಪೆಟ್ಟಿಗೆಯ ಬದಲು ಕೆಂಪು ಬಟ್ಟೆಯ ‘ಬಹೀಖಾತೆ’ಯಲ್ಲಿ ಸುತ್ತಿ ತಂದರು. ಬ್ರಿಟನ್ನಿನ ಗ್ಲಾಡ್‌ಸ್ಟನ್ ಕಾಲದ ಆಯವ್ಯಯದ ಪೆಟ್ಟಿಗೆಯೂ ಕೆಂಪೇ ಆಗಿತ್ತೆಂಬುದು ಬೇರೆ ವಿಷಯ.

ಬೆಂಗಳೂರಿನಲ್ಲಿ ನೆಲೆಸಿದ ‘ಖಾತಾಬುಕ್’ ಎಂಬ ಸಂಸ್ಥೆ 2010ರ ದಶಕದ ಕೊನೆಯಲ್ಲಿ ಉದ್ರಿ ಪುಸ್ತಕವನ್ನು ಕೈಫೋನಿನೊಳಕ್ಕೆ ತಂದಿತು. ಜಿನಸಿ ಅಂಗಡಿಯವನು ಅದರಲ್ಲಿ ಗಿರಾಕಿಯ ಲೆಕ್ಕ ಬರೆದಿಡುತ್ತಾನೆ. ಬಾಕಿಯ ನೆನಪು ಗಿರಾಕಿಯ ಫೋನಿಗೆ ಸಂದೇಶವಾಗಿ ಹೋಗುತ್ತದೆ, ಪಕ್ಕದ ಮನೆಯವರು ಅದನ್ನು ಕಾಣುವಂತಿಲ್ಲ. ಅಂಗಡಿಯವನು ಕೊಟ್ಟದ್ದು ಕೆಂಪಿನಲ್ಲಿ ಕಾಣುತ್ತದೆ; ಅವನ ಕೈಸೇರಿದ್ದು ಹಸಿರಿನಲ್ಲಿ, ಒಂದಾನೊಂದು ಕಾಲದಲ್ಲಿ ಫ್ರಾನ್ಸಿನ ದಿವಾಳಿಗಾರ ತಲೆತಗ್ಗಿಸಿ ಧರಿಸುತ್ತಿದ್ದ ಟೋಪಿಯ ಬಣ್ಣದಲ್ಲಿ.